ಶಿಖರಕ್ಕೆ ಕಾಲ್ದಾರಿಯೇ ಇರಲಿ

ಕಕ್ಕಬ್ಬೆಯಿಂದ ಹೊರಟು, 1834ರಲ್ಲಿ ಇಂಗ್ಲಿಷರ ಸೈನ್ಯವು ಕೊಡಗನ್ನು ಹೊಕ್ಕಾಗ ಚಿಕ್ಕವೀರರಾಜೇಂದ್ರನು ಆಶ್ರಯಿಸಿದ್ದ ನಾಲ್ಕುನಾಡು ಅರಮನೆಯ ಮುಂದೆ ಕ್ಷಣಕಾಲ ನಿಂತು, ಕಾಫಿ ತೋಟಗಳ ನೆರಳನ್ನು ಹಿಂದಿಕ್ಕಿ ಮೇಲೇರುವ ಪಥಿಕನಿಗೆ, ತಡಿಯಂಡಮೋಳ್ ಎಂಬುದು ನಕ್ಷೆಯಲ್ಲಿನ 1748 ಮೀಟರುಗಳ ಅಂಕೆಯಾಗಿ ಉಳಿಯದೆ, ಮೊಣಕಾಲಿನ ನೋವೂ ಎದೆಯ ಏದುಸಿರೂ ಆಗಿ ಪರಿಣಮಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೊಡಗು ಜಿಲ್ಲೆಯ ಅತ್ಯುನ್ನತ ಸ್ಥಾನವಿದು. 1956ರ ನವೆಂಬರ್ 1ಕ್ಕೆ ಮುನ್ನ, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, ಒಂದು ರಾಜ್ಯದ ನೆತ್ತಿಯೇ ಆಗಿದ್ದಿತು.

ಹುಲ್ಲುಗಾವಲಿನ ಬಿಸಿಲಿನಿಂದ ಶೋಲಾ ಕಾಡಿನ ಕತ್ತಲೆಗೆ ಒಮ್ಮೆಲೇ ಹೊಕ್ಕು, ಏರಿನ ಆಯಾಸಕ್ಕೆ ಮರವೊಂದನ್ನು ಹಿಡಿದು ನಿಂತಾಗ, ಕಾಂಡಕ್ಕೆ ದಪ್ಪನಾಗಿ ಅಂಟಿದ್ದ ಪಾಚಿಯ ಮೇಲೆ ನನ್ನ ಅಂಗೈ ಊರಿತು. ಮಳೆ ನಿಂತು ಅನೇಕ ದಿನಗಳಾಗಿದ್ದರೂ ನೀರು ಜಿನುಗಿ ಮಣಿಕಟ್ಟಿನವರೆಗೆ ಇಳಿಯಿತು. ಮುಂಗಾರಿನ ಮಳೆಯನ್ನು ಹುಲ್ಲಿನ ಬೇರೂ ಕಾಡಿನ ತರಗೆಲೆಯೂ ಹೀಗೆ ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುವುದರಿಂದಲೇ ಕೆಳಗಿನ ತೊರೆಗಳು ಮಳೆಗಾಲ ಕಳೆದ ಮೇಲೆಯೂ ಹರಿದು ಕಾವೇರಿಯನ್ನು ಸೇರುತ್ತವೆಂದು ಎಷ್ಟೋ ಸಲ ಓದಿದ್ದೆನಾದರೂ, ಅದು ಮನಸ್ಸಿಗೆ ನಾಟಿದುದು ಆ ಒದ್ದೆ ಕೈಯನ್ನು ಕಂಡ ಮೇಲೆ.

ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ, ಸಮಗ್ರ ಕರ್ನಾಟಕದ ಅತ್ಯುನ್ನತ ಶಿಖರ, ಬೇರೊಂದು ಗತಿಯನ್ನು ಕಂಡಿದೆ. ಅಲ್ಲಿ ಡಾಂಬರು ರಸ್ತೆಯು ತುದಿಯ ಸಮೀಪದವರೆಗೂ ಹೋಗುತ್ತದೆ. ಉಳಿದುದು ದೇವಾಲಯಕ್ಕೆ ಏರುವ ಕೆಲವು ನೂರು ಮೆಟ್ಟಿಲು ಮಾತ್ರ. ರಜೆಯ ದಿನಗಳಲ್ಲಿ ಕಿರಿದಾದ ಆ ಘಟ್ಟದ ದಾರಿಯಲ್ಲಿ ಸಾಲುಗಟ್ಟಿ ನಿಲ್ಲುವ ಕಾರುಗಳ ಹೊಗೆಯನ್ನು ಸೇವಿಸಿ ಬಂದವರಿಗೆ, ರಸ್ತೆಯು ಶಿಖರಕ್ಕೆ ಜನರನ್ನು ತರುವುದರ ಜೊತೆಗೆ ಶಿಖರದ ನಿಶ್ಶಬ್ದವನ್ನು ಅಪಹರಿಸುತ್ತದೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಹಾಗಾದರೆ ವೃದ್ಧರೂ ಅಶಕ್ತರೂ ಬೆಟ್ಟದಿಂದ ವಂಚಿತರಾಗಬೇಕೆ ಎಂಬ ಆಕ್ಷೇಪವು ಅಲಕ್ಷಿಸತಕ್ಕುದಲ್ಲ. ಅವರಿಗಾಗಿ ಅರಮನೆಯವರೆಗಿನ ರಸ್ತೆಯನ್ನು ಚೆನ್ನಾಗಿ ಇಡೋಣ; ಅಲ್ಲಿ ಕುಳಿತುಕೊಳ್ಳಲು ಜಗಲಿ, ಕುಡಿಯಲು ನೀರು, ಶುಚಿಯಾದ ಶೌಚಾಲಯ ಇರಲಿ. ಅದರಾಚೆಗಿನ ಹುಲ್ಲಿನ ನೆಲವನ್ನು ಒಮ್ಮೆ ಯಂತ್ರವು ಅಗೆದರೆ, ಆ ಗಾಯದಿಂದ ಪ್ರತಿ ಮುಂಗಾರಿನಲ್ಲಿಯೂ ಮಣ್ಣು ಕೊಚ್ಚಿಹೋಗುತ್ತದೆ; 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆಮಠಗಳನ್ನು ಕಳೆದುಕೊಂಡ ಕೊಡಗಿಗೆ ಇದನ್ನು ನೆನಪಿಸಬೇಕಾಗಿಲ್ಲ.

ಆದುದರಿಂದ ತಡಿಯಂಡಮೋಳಿಗೆ ರಸ್ತೆ ಬೇಕೆಂಬ ಮಾತು ಎಂದಾದರೂ ಎದ್ದರೆ, ಅಲ್ಲಿಗೆ ನಡೆದುಹೋಗಿ ಬಂದ ಪ್ರತಿಯೊಬ್ಬರೂ ಅದು ಬೇಡವೆಂದು ಬಹಿರಂಗವಾಗಿ ಹೇಳಬೇಕು. ಹೋಗದವರು, ಕಾಲುಗಳಲ್ಲಿ ಶಕ್ತಿಯಿರುವಾಗಲೇ, ಈ ಚಳಿಗಾಲದಲ್ಲಿ ಒಮ್ಮೆ ನಡೆದು ಬನ್ನಿ.