ತಾರೆಯರಿಂದ ಏನನ್ನು ಕೇಳಬೇಕು?

2024ರ ಸೆಪ್ಟೆಂಬರ್ ಮೊದಲ ವಾರ ಕನ್ನಡ ಚಿತ್ರರಂಗದ 153 ಮಂದಿ ಸಹಿ ಮಾಡಿದ ಮನವಿಪತ್ರವೊಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈ ಸೇರಿತು. ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿಗತಿ ಕುರಿತ ಹೇಮಾ ಸಮಿತಿಯ ವರದಿ ಹೊರಬಿದ್ದು ಆಗಿನ್ನೂ ಮೂರು ವಾರ ತುಂಬಿರಲಿಲ್ಲ. ಅಂಥದೇ ಸಮಿತಿ ಇಲ್ಲಿಯೂ ಬೇಕು, ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದನ್ನು ಮುನ್ನಡೆಸಲಿ ಎಂದು ‘ಫೈರ್’ ಸಂಘಟನೆ ಕೇಳಿತ್ತು. ಸಹಿ ಹಾಕಿದವರಲ್ಲಿ ಸುದೀಪ್, ರಮ್ಯಾ ಇದ್ದಾರೆ ಎಂಬುದೇ ಹಲವರ ಪಾಲಿಗೆ ಸುದ್ದಿಯಾಯಿತು. ನನ್ನ ಮಟ್ಟಿಗೆ ಆ ಪತ್ರದ ಬೆಲೆ ಬೇರೆಡೆ ಇತ್ತು. ಸಹಿ ಮಾಡಿದವರು ತಾವು ದುಡಿಯುವ ಜಾಗದ ಬಗ್ಗೆ, ತಮಗೆ ಸಂಭಾವನೆ ಕೊಡುವವರ ಎದುರೇ ಮಾತಾಡಿದ್ದರು. ಮಹಿಳಾ ಹಕ್ಕುಗಳ ಹೋರಾಟಕ್ಕೆ ಖ್ಯಾತನಾಮರ ಬೆಂಬಲ ಅರಸಿ ಹೋಗುವ ಸಂಘಟನೆಗಳು ಕೇಳಬೇಕಾದದ್ದು ಇದನ್ನೇ. ತನಗಿರುವ ಅಧಿಕಾರವನ್ನು ತನ್ನದೇ ಅಂಗಳದಲ್ಲಿ ಬಳಸುವ ತಾರೆಯಿಂದ ಹೋರಾಟಕ್ಕೆ ಬಲ ಬರುತ್ತದೆ. ಮಾರ್ಚ್ 8ರಂದು ದೀಪ ಬೆಳಗಿ ಹೋಗುವ ತಾರೆಯಿಂದ ಒಂದು ದಿನದ ಜನಜಂಗುಳಿ ಮಾತ್ರ ಸಿಗುತ್ತದೆ.

ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ಗೋಕಾಕ್ ಚಳವಳಿಯನ್ನು ಬಲ್ಲವರು ಇದಕ್ಕೆ ತಕರಾರು ತೆಗೆಯಬಹುದು. ಸಾಹಿತಿಗಳು, ಅಧ್ಯಾಪಕರು ನಡೆಸುತ್ತಿದ್ದ ಹೋರಾಟ 1982ರಲ್ಲಿ ರಾಜ್‌ಕುಮಾರ್ ಧುಮುಕಿದ ಮೇಲೆಯೇ ನಾಡಿನ ಮೂಲೆಮೂಲೆಗೆ ಹಬ್ಬಿತು, ಜನ ಬಂದದ್ದು ಅಣ್ಣಾವ್ರನ್ನು ನೋಡಲಿಕ್ಕೆ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವರು ಬರುವ ಹೊತ್ತಿಗೆ ಬೇಡಿಕೆ ಏನೆಂಬುದು ಇತ್ಯರ್ಥವಾಗಿತ್ತು. ಗೋಕಾಕ್ ವರದಿ ಜಾರಿಯಾಗಬೇಕು ಎಂಬ ಒಂದೇ ಮಾತನ್ನು ಅವರು ಊರೂರಿಗೆ ಕೊಂಡೊಯ್ದರು. ಮಿಗಿಲಾಗಿ, ಕನ್ನಡ ಅವರ ಅನ್ನದ ಭಾಷೆ. ಅದರ ಪರವಾಗಿ ಅವರು ಆಡಿದ ಮಾತು ಎರವಲಾಗಿರಲಿಲ್ಲ. ಜನಪ್ರಿಯತೆ ಕೆಲಸ ಮಾಡಿದ್ದು ಈ ಎರಡೂ ಇದ್ದದ್ದರಿಂದ.

ಕೇರಳದ ಅನುಭವ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. 2017ರ ಫೆಬ್ರುವರಿಯಲ್ಲಿ ನಟಿಯೊಬ್ಬರ ಮೇಲೆ ಕಾರಿನಲ್ಲಿ ಲೈಂಗಿಕ ದೌರ್ಜನ್ಯ ನಡೆದ ಮೇಲೆ ಚಿತ್ರರಂಗದ ಹೆಣ್ಣುಮಕ್ಕಳು ‘ವಿಮೆನ್ ಇನ್ ಸಿನಿಮಾ ಕಲೆಕ್ಟಿವ್’ ಕಟ್ಟಿಕೊಂಡರು. ಹೇಮಾ ಸಮಿತಿ ನೇಮಕವಾದದ್ದು ಅವರ ಒತ್ತಾಯದಿಂದ. ಪ್ರಕರಣದಲ್ಲಿ ಆಗ ಆರೋಪಿಯಾಗಿದ್ದ ನಟನನ್ನು ಕಲಾವಿದರ ಸಂಘ ‘ಅಮ್ಮ’ 2018ರಲ್ಲಿ ಮರಳಿ ಸೇರಿಸಿಕೊಳ್ಳಲು ಹೊರಟಾಗ, ಸಂತ್ರಸ್ತ ನಟಿಯೂ ಸೇರಿ ನಾಲ್ವರು ಸಂಘಕ್ಕೆ ರಾಜೀನಾಮೆ ಕೊಟ್ಟರು. 2019ರ ಕೊನೆಯ ದಿನ ಸರ್ಕಾರದ ಕೈಸೇರಿದ ವರದಿ ನಾಲ್ಕೂವರೆ ವರ್ಷ ಕಪಾಟಿನಲ್ಲಿ ಕೂತಿತು. ಕಡೆಗೆ ಅದನ್ನು ಹೊರತಂದದ್ದು ಮಾಹಿತಿ ಹಕ್ಕು ಅರ್ಜಿ ಮತ್ತು ರಾಜ್ಯ ಮಾಹಿತಿ ಆಯೋಗದ ಆದೇಶ, ಯಾವ ಸೂಪರ್‌ಸ್ಟಾರ್‌ನ ದನಿಯೂ ಅಲ್ಲ. ಈ ನಡುವೆ ಸಂಘಟನೆಯ ನಟಿಯರು ಹೈಕೋರ್ಟಿಗೂ ಹೋಗಿದ್ದರು. ಸಿನಿಮಾ ನಿರ್ಮಾಣ ಘಟಕಗಳಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು ಎಂದು ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳಿತು. ಆ ತೀರ್ಪು ನೆರವಿಗೆ ಬರುವುದು ಹೆಸರಾಂತ ನಟಿಗಿಂತ ಹೆಚ್ಚಾಗಿ ಕೇಶವಿನ್ಯಾಸ ಮಾಡುವವಳಿಗೆ, ದಿನಗೂಲಿಯ ಸಹನಟಿಗೆ. ಹೆಸರಿದ್ದವರು ತಮ್ಮ ಹೆಸರನ್ನು ಹೆಸರಿಲ್ಲದವರ ಸಲುವಾಗಿ ಖರ್ಚು ಮಾಡಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ನೆರೆಹೊರೆಯಲ್ಲಿ ನನಗೆ ಕಾಣದು.

ಹಾಗೆಂದು ತಾರೆಯೊಬ್ಬಳು ಹೆಣ್ಣಾಗಿದ್ದರೆ ಸಾಕು, ಬೆಂಬಲ ತಾನಾಗಿ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. 2023ರಲ್ಲಿ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಅವರೇ ಅಂತರರಾಷ್ಟ್ರೀಯ ಪದಕ ಗೆದ್ದ ತಾರೆಯರು. ಆದರೂ ಲೈಂಗಿಕ ಕಿರುಕುಳದ ಆರೋಪದ ಮೇಲೆ ಕುಸ್ತಿ ಫೆಡರೇಷನ್ ಅಧ್ಯಕ್ಷರ ವಿರುದ್ಧ ಎಫ್‌ಐಆರ್ ದಾಖಲಾಗಲು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಅವರಿಗೆ ಮೊದಲು ಕಂಡದ್ದು ಬೀದಿಗಿಳಿದವರ ಅಶಿಸ್ತು. ಧರಣಿ ಸ್ಥಳಕ್ಕೆ ಅವರು ಹೋದದ್ದು ಆಮೇಲೆ. ಕ್ರಿಕೆಟಿಗರು ಯಾಕೆ ಸುಮ್ಮನಿದ್ದಾರೆ ಎಂದು ವಿನೇಶ್ ಬಹಿರಂಗವಾಗಿಯೇ ಕೇಳಿದರು. ಮೇ 28ರಂದು ಪೊಲೀಸರು ಕುಸ್ತಿಪಟುಗಳನ್ನು ಎಳೆದೊಯ್ದ ದೃಶ್ಯ ಕಂಡ ಮೇಲೆ ನಮ್ಮ ಅನಿಲ್ ಕುಂಬ್ಳೆ ಬೇಸರ ತೋಡಿಕೊಂಡರು, 1983ರ ವಿಶ್ವಕಪ್ ತಂಡ ಹೇಳಿಕೆ ಕೊಟ್ಟಿತು. ದನಿ ಎತ್ತಿದವರಲ್ಲಿ ನಿವೃತ್ತರ ಸಂಖ್ಯೆಯೇ ದೊಡ್ಡದಿತ್ತು. ಆಡುತ್ತಿರುವವರಿಗೆ ಮಂಡಳಿಯ, ಪ್ರಾಯೋಜಕರ ಮರ್ಜಿಯ ಹಂಗಿದೆ. ಬೆಂಬಲ ಬೇಡುವವರು ಈ ಲೆಕ್ಕ ಗೊತ್ತಿದ್ದೇ ಬೇಡಬೇಕು, ಮತ್ತು ಅದು ಗೊತ್ತಿದ್ದೂ ಆಡುವವರನ್ನೇ ಕೇಳಬೇಕು.

ತಾರೆಯರಿಲ್ಲದೆ ಮಾಧ್ಯಮ ಬರುವುದಿಲ್ಲ, ಮಾಧ್ಯಮವಿಲ್ಲದೆ ಸರ್ಕಾರ ಕದಲುವುದಿಲ್ಲ ಎಂಬ ಮಾತೂ ಆಗಾಗ ಕೇಳಿಬರುತ್ತದೆ. 2016ರ ಏಪ್ರಿಲ್ ಇದಕ್ಕೆ ಉತ್ತರ ಕೊಟ್ಟಿದೆ. ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಅವರ ಮುಂದೆ ನಟರಿರಲಿಲ್ಲ, ಹೆಸರಾಂತ ನಾಯಕರೂ ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ನಿಯಮ ಹಿಂಪಡೆಯಿತು. ಇಂದು ಸಿನಿಮಾ ಸೆಟ್ಟಿನ ನಟಿಗೂ ಆಸರೆಯಾಗಿರುವ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾನೂನಿನ ಮೂಲವಂತೂ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ. ಬಾಲ್ಯವಿವಾಹ ತಡೆಯಲು ಹೋದ ತಪ್ಪಿಗೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಭಂವರಿ ದೇವಿ ಸರ್ಕಾರಿ ಯೋಜನೆಯೊಂದರ ತಳಮಟ್ಟದ ಕಾರ್ಯಕರ್ತೆ. ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಆದರೆ ಆಕೆಯ ಪ್ರಕರಣದ ಬೆನ್ನು ಹಿಡಿದು ಮಹಿಳಾ ಸಂಘಟನೆಗಳು ಸಲ್ಲಿಸಿದ ಅರ್ಜಿಯಿಂದ 1997ರ ವಿಶಾಖಾ ಮಾರ್ಗಸೂಚಿ ಬಂತು, ಅದರಿಂದ 2013ರ ಕಾಯ್ದೆ ಬಂತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯೆಲ್ಲ ಆಂತರಿಕ ಸಮಿತಿ ಕಡ್ಡಾಯ ಎಂದದ್ದು ಆ ಕಾಯ್ದೆ. ಹೀಗಿರುವಾಗ ತಾರೆಯರ ಮುಂದೆ ಕೈಚಾಚಿ ನಿಲ್ಲುವ ಅಗತ್ಯ ಮಹಿಳಾ ಸಂಘಟನೆಗಳಿಗಿಲ್ಲ. ಭಂವರಿ ದೇವಿಯ ಋಣ ತಾರೆಯರ ಮೇಲೂ ಇದೆ. ಅವರನ್ನು ಕೇಳುವುದೆಂದರೆ ಆ ಬಾಕಿಯನ್ನು ಕೇಳುವುದು.

ದೊಡ್ಡ ಆಕ್ಷೇಪ ಇನ್ನೊಂದಿದೆ. ಬಾಯಿಬಿಟ್ಟವರಿಗೆ ಅವಕಾಶ ತಪ್ಪುತ್ತದೆ, ಹಾಗಿರುವಾಗ ಯಾರನ್ನೋ ಬಲಿಗೆ ತಳ್ಳುವುದು ಸರಿಯೇ? ಇದು ನ್ಯಾಯವಾದ ಪ್ರಶ್ನೆ. 2018ರ ಮೀಟೂ ಹೊತ್ತಿನಲ್ಲಿ ಕನ್ನಡದಲ್ಲಿ ಬಾಯಿಬಿಟ್ಟ ನಟಿ ಶ್ರುತಿ ಹರಿಹರನ್ ಎದುರಿಸಿದ ನಿಂದನೆಯ ಮಳೆಯನ್ನು ಮರೆಯುವಂತಿಲ್ಲ. ಆದ್ದರಿಂದಲೇ ಒಬ್ಬೊಬ್ಬರನ್ನಾಗಿ ಕೇಳುವುದು ತಪ್ಪು, ಹಲವರನ್ನು ಒಟ್ಟಿಗೆ ಕೇಳಬೇಕು. ಮೊದಲ ಸಹಿ ನಾಯಕನಟರದ್ದಾಗಬೇಕು, ಯಾಕೆಂದರೆ ಕಳೆದುಕೊಳ್ಳುವ ಭಯ ಅವರಿಗೆ ಎಲ್ಲರಿಗಿಂತ ಕಡಿಮೆ. ಸಂಭಾವನೆ, ಕಾಲ್‌ಶೀಟ್, ಪೋಸ್ಟರಿನಲ್ಲಿ ಹೆಸರು ಬರುವ ಜಾಗ ಇವೆಲ್ಲವನ್ನೂ ಚೌಕಾಸಿ ಮಾಡಬಲ್ಲ ನಟ, ಆಂತರಿಕ ಸಮಿತಿಯಿಲ್ಲದ ಸೆಟ್ಟಿಗೆ ಬರುವುದಿಲ್ಲ ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಬಲ್ಲ. ಬಟ್ಟೆಯ ಬ್ರ್ಯಾಂಡಿಗೆ ರಾಯಭಾರಿಯಾದ ನಟಿ, ಆ ಬಟ್ಟೆ ಹೊಲಿದ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳಿಗೆ ಕನಿಷ್ಠ ವೇತನ, ಶಿಶುಪಾಲನಾ ಕೇಂದ್ರ ಇದೆಯೇ ಎಂದು ಒಪ್ಪಂದಕ್ಕೆ ಮುನ್ನ ವಿಚಾರಿಸಬಲ್ಲಳು. ಸಂಘಟನೆಗಳ ಮುಂದಿನ ಮನವಿ ಇಂಥ ಸಾಲುಗಳ ಕರಡನ್ನು ಜೊತೆಗಿಟ್ಟುಕೊಂಡೇ ಹೋಗಲಿ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನು ವರ್ಷಕ್ಕೊಮ್ಮೆ ಹೆಸರು ಸಹಿತ ಪ್ರಕಟಿಸಲಿ.