ವಂದನೆ ಮುಗಿದ ಮೇಲೆ ಇನ್ನೊಂದು ಅರ್ಧ ತಾಸು

ಕರ್ನಾಟಕದಲ್ಲಿ 3,93,300 ಬೌದ್ಧರಿದ್ದಾರೆ ಎಂದು 2001ರ ಜನಗಣತಿ ಹೇಳಿತು. ಹತ್ತು ವರ್ಷದ ಬಳಿಕ, 2011ರ ಗಣತಿಯಲ್ಲಿ, ಆ ಸಂಖ್ಯೆ 95,710ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ, 2009ರಲ್ಲಿ, ಕಲಬುರಗಿಯ ಭವ್ಯ ಬುದ್ಧ ವಿಹಾರವನ್ನು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ ಉದ್ಘಾಟಿಸಿದರು. ವಿಹಾರ ಎದ್ದು ನಿಂತಿತು. ಗಣತಿಯ ಪಟ್ಟಿಯಲ್ಲಿ ಮಾತ್ರ ಮುಕ್ಕಾಲು ಪಾಲು ಜನ ಕಾಣದಾದರು.

ಕಾರಣಗಳು ಹಲವು ಇರಬಹುದು. ಗಣತಿಗೆ ಬಂದವರು ಧರ್ಮದ ಕಾಲಂ ಅನ್ನು ಕೇಳದೆಯೇ ತುಂಬಿಕೊಂಡು ಹೋದರು ಎಂಬ ದೂರು ಹಳೆಯದು. ಬೌದ್ಧ ಎಂದು ಬರೆಸಿದರೆ ಮಕ್ಕಳ ಮೀಸಲಾತಿ ಎಲ್ಲಿ ತಪ್ಪಿಹೋಗುತ್ತದೋ ಎಂಬ ಅಂಜಿಕೆಯೂ ಇದೆ. 1990ರಲ್ಲೇ ಕಾನೂನಿಗೆ ತಿದ್ದುಪಡಿಯಾಗಿ, ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಆ ಸೌಲಭ್ಯ ಸಿಗುವಂತಾಗಿದೆ. ಕಾನೂನು ಬಂದು ಮೂರು ದಶಕ ದಾಟಿದ ಮೇಲೂ ಆ ಅಂಜಿಕೆ ಓಣಿಗಳಲ್ಲಿ ಉಳಿದಿದೆ ಎಂದರೆ, ಓಣಿಯಲ್ಲಿ ಒಟ್ಟಿಗೆ ಕೂತು ಇಂಥ ವಿಷಯ ಮಾತಾಡುವ ಜಾಗ ಇಲ್ಲ ಎಂದೇ ಅರ್ಥ. ದೀಕ್ಷೆ ಒಂದು ದಿನದ ಸಮಾರಂಭ. ಆ ದಿನ ಕಳೆದ ಮೇಲೆ ಬರುವ ವಾರಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಬಹುಪಾಲು ವಿಹಾರ ಸಮಿತಿಗಳಲ್ಲಿ ಉತ್ತರವಿಲ್ಲ.

ಬಾಬಾಸಾಹೇಬ ಅಂಬೇಡ್ಕರರಿಗೆ ಈ ಪ್ರಶ್ನೆ ಮೊದಲೇ ಹೊಳೆದಿತ್ತು. 1954ರಲ್ಲಿ ಬರ್ಮಾದ ಬುದ್ಧ ಶಾಸನ ಮಂಡಳಿಗೆ ಅವರು ಕೊಟ್ಟ ಮನವಿಯಲ್ಲಿ, ಭಾರತದಲ್ಲಿ ಬೌದ್ಧ ಧರ್ಮ ಮತ್ತೆ ಬೇರೂರಬೇಕಾದರೆ ಏನೇನು ಆಗಬೇಕೆಂಬ ಯೋಜನೆಯಿದೆ. ವಿಹಾರಗಳಲ್ಲಿ ಪ್ರತಿ ಭಾನುವಾರ ಜನ ಸೇರಿ ಸಾಮೂಹಿಕ ವಂದನೆ ಮಾಡಬೇಕು, ಅದರ ಬೆನ್ನಿಗೇ ಧಮ್ಮ ಪ್ರವಚನ ನಡೆಯಬೇಕು ಎಂಬುದು ಅದರಲ್ಲಿ ಒಂದು ಅಂಶ. ಮುಂದಿನ ವರ್ಷವೇ ಭಾರತೀಯ ಬೌದ್ಧ ಮಹಾಸಭೆ ಕಟ್ಟಿದರು. ವಂದನೆಯ ಪಾಠಗಳನ್ನು ಒಟ್ಟುಗೂಡಿಸಿ 'ಬೌದ್ಧ ಪೂಜಾ ಪಾಠ' ಎಂಬ ಕಿರುಪುಸ್ತಕ ಸಿದ್ಧಪಡಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ತೀರಿಕೊಂಡರು. ನಡುವೆ ಎರಡು ತಿಂಗಳೂ ಇರಲಿಲ್ಲ.

ಹೊಸದಾಗಿ ಧಮ್ಮಕ್ಕೆ ಬಂದ ಅಷ್ಟೂ ಜನ ಗುರುವಿಲ್ಲದವರಾದರು. ಕಲಿಸುವ ಭಿಕ್ಕುಗಳು ಬೆರಳೆಣಿಕೆಯಷ್ಟು. ಕಾಲಿಂಪಾಂಗ್‌ನಲ್ಲಿ ನೆಲೆಸಿದ್ದ ಇಂಗ್ಲೆಂಡ್ ಮೂಲದ ಭಿಕ್ಕು ಸಂಘರಕ್ಷಿತ ಸಾವಿನ ಸುದ್ದಿ ಬಂದ ಹೊತ್ತಿಗೆ ನಾಗಪುರದಲ್ಲಿದ್ದರು. ಮುಂದಿನ ನಾಲ್ಕು ದಿನ ಅವರು ಬಡಾವಣೆಯಿಂದ ಬಡಾವಣೆಗೆ ಓಡಾಡಿ ಮೂವತ್ತಕ್ಕೂ ಹೆಚ್ಚು ಸಭೆಗಳಲ್ಲಿ ಮಾತಾಡಿದರು. ಆಮೇಲೆ ಜನ ತಮಗೆ ತಾವೇ ಕಲಿಸಿಕೊಳ್ಳಬೇಕಾಯಿತು. ಮಹಾರಾಷ್ಟ್ರದಲ್ಲಿ ಕಲಿತರು ಕೂಡ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ, ಅವರ 'ಬುದ್ಧ ಮತ್ತು ಆತನ ಧಮ್ಮ' ಪ್ರಕಟವಾಯಿತು. ವರ್ಷಾವಾಸದಲ್ಲಿ, ಅಂದರೆ ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗೆ, ಅಲ್ಲಿನ ವಿಹಾರಗಳಲ್ಲಿ ಸಂಜೆ ಹೊತ್ತು ಆ ಗ್ರಂಥವನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುವ ರೂಢಿ ಬೆಳೆಯಿತು. ಕೆಲಸ ಮುಗಿಸಿ ಬಂದ ಹೆಂಗಸರು ಬಿಳಿ ಸೀರೆ ಉಟ್ಟು ಕೂರುತ್ತಾರೆ. ಶಾಲೆಗೆ ಹೋಗುವ ಮೊಮ್ಮಗಳು ಓದುತ್ತಾಳೆ, ಅಕ್ಷರ ಬಾರದ ಅಜ್ಜಿ ಕೇಳುತ್ತಾಳೆ. 2011ರಲ್ಲಿ ದೇಶದ 84 ಲಕ್ಷ ಬೌದ್ಧರಲ್ಲಿ 65 ಲಕ್ಷ ಮಂದಿ ಮಹಾರಾಷ್ಟ್ರದವರೇ ಆಗಿದ್ದರು. ಈ ಬಲದ ಹಿಂದೆ ರಾಜಕಾರಣವೂ ಇದೆ, ಇತಿಹಾಸವೂ ಇದೆ. ಸಂಜೆಯ ಈ ಓದಿನ ಪಾಲನ್ನು ಮರೆಯುವುದು ಮಾತ್ರ ತಪ್ಪು.

ನಮ್ಮಲ್ಲಿ ಭಾನುವಾರದ ವಂದನೆ ಇಲ್ಲವೆಂದಲ್ಲ. ಬೀದರ್, ಕಲಬುರಗಿ ಕಡೆಯ ಓಣಿಗಳಲ್ಲಿ ಒಂದು ಸಣ್ಣ ಹಾಲ್ ಇರುತ್ತದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಜಮಖಾನೆ, ಎದುರಿಗೆ ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಹಿರಿಯರೊಬ್ಬರು ಮೇಣದಬತ್ತಿ, ಊದುಬತ್ತಿ ಹಚ್ಚುತ್ತಾರೆ. ತ್ರಿಶರಣ, ಪಂಚಶೀಲ, ಬುದ್ಧ ಪೂಜೆಯ ಪಾಳಿ ಸಾಲುಗಳನ್ನು ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹೇಳುತ್ತಾರೆ. ಮಕ್ಕಳಿಗೆ ಬಾಯಿಪಾಠ. ಕೊನೆಗೆ ಮೂರು ಸಲ 'ಸಾಧು', ಆಮೇಲೆ 'ಜೈ ಭೀಮ್'. ಜಯಂತಿಯ ಪಟ್ಟಿ ಎಷ್ಟು ಕೂಡಿತು, ಮೆರವಣಿಗೆಗೆ ಡಿಜೆ ಯಾರದು ಎಂಬ ಮಾತು ಎರಡು ನಿಮಿಷ. ಅಷ್ಟರಲ್ಲಿ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಇನ್ನೊಂದು ಅರ್ಧ ತಾಸು ಕೂರಬೇಕು ಎಂಬುದಷ್ಟೇ ಈ ಲೇಖನದ ವಾದ.

ವಂದನೆ ಒಣ ಆಚರಣೆ, ಅದರ ಬದಲು ಓದಿದರೆ ಸಾಕು ಎನ್ನುವ ವಿದ್ಯಾವಂತರೂ ಇದ್ದಾರೆ. ಅವರ ಮಾತು ಒಪ್ಪುವಂಥದ್ದಲ್ಲ. ಬುದ್ಧನ ಮಾತುಗಳು ಶತಮಾನಗಳ ಕಾಲ ಬದುಕಿದ್ದು ಬಾಯಲ್ಲಿ. ಶ್ರೀಲಂಕಾದಲ್ಲಿ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಅವನ್ನು ಓಲೆಗರಿಗೆ ಇಳಿಸುವವರೆಗೆ ಭಿಕ್ಕುಗಳು ಗುಂಪಾಗಿ ಕೂತು ಪಠಿಸಿಯೇ ಉಳಿಸಿದರು. ಒಬ್ಬ ತಪ್ಪಿದರೆ ಪಕ್ಕದವನು ತಿದ್ದುತ್ತಿದ್ದ. ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ಗುಡಿಯ ಹೊಸ್ತಿಲು ದಾಟಲು ಬಿಡದ ಊರಿನಲ್ಲಿ ಹುಟ್ಟಿದ ಅಜ್ಜನೊಬ್ಬ ತನ್ನದೇ ಓಣಿಯ ವಿಹಾರದಲ್ಲಿ ನಡುವೆ ನಿಂತು, ಯಾವ ಪುರೋಹಿತನ ಹಂಗೂ ಇಲ್ಲದೆ, ಎಲ್ಲರಿಗೂ ಪಂಚಶೀಲ ಹೇಳಿಕೊಡುತ್ತಾನೆ. ಇದು ಸಣ್ಣ ಮಾತಲ್ಲ.

ಆದರೆ ಸೇರಿದ ಜನಕ್ಕೆ ತಿಳಿಯುವಂತೆ ಮಾತಾಡದೆ ಏಳುವ ಸಭೆಯನ್ನು ಬುದ್ಧನೇ ಒಪ್ಪಲಿಲ್ಲ. ವಿನಯ ಪಿಟಕದ 'ಮಹಾವಗ್ಗ'ದಲ್ಲಿ ಈ ಪ್ರಸಂಗ ಬರುತ್ತದೆ. ರಾಜಗೃಹದಲ್ಲಿ ಬೇರೆ ಪಂಥದ ಪರಿವ್ರಾಜಕರು ಪಕ್ಷದ ಎಂಟು, ಹದಿನಾಲ್ಕು, ಹದಿನೈದನೇ ದಿನಗಳಲ್ಲಿ ಸೇರಿ ತಮ್ಮ ಧರ್ಮ ಹೇಳುತ್ತಿದ್ದರು, ಜನ ಅವರ ಕಡೆ ಒಲಿಯುತ್ತಿದ್ದರು. ಇದನ್ನು ಕಂಡ ರಾಜ ಬಿಂಬಿಸಾರ, ನಿಮ್ಮ ಭಿಕ್ಕುಗಳೂ ಹಾಗೆ ಸೇರಬಾರದೇಕೆ ಎಂದು ಬುದ್ಧನನ್ನು ಕೇಳಿದ. ಬುದ್ಧ ಒಪ್ಪಿದ. ಭಿಕ್ಕುಗಳು ಸೇರಿದರು, ಸುಮ್ಮನೆ ಕೂತರು. ಧಮ್ಮ ಕೇಳಲು ಬಂದ ಊರ ಜನ ಸಿಟ್ಟಾದರು, ಸೇರಿದ ಮೇಲೆ ಮಾತಾಡಬೇಕಲ್ಲವೇ ಎಂದು ಗೊಣಗಿದರು. ಆ ಗೊಣಗು ಬುದ್ಧನ ಕಿವಿಗೆ ಬಿತ್ತು. ಸೇರಿದಾಗ ಧಮ್ಮ ಹೇಳಬೇಕು ಎಂಬ ನಿಯಮ ಬಂದದ್ದು ಹಾಗೆ. ಬೌದ್ಧರ ಉಪೋಸಥಕ್ಕೆ, ಅಂದರೆ ಗೊತ್ತಾದ ದಿನಗಳ ಈ ಸಭೆಗೆ, ಸಲಹೆ ಕೊಟ್ಟವನು ಒಬ್ಬ ಗೃಹಸ್ಥ, ಅದನ್ನು ತಿದ್ದಿದವರು ಕೇಳಲು ಬಂದ ಸಾಮಾನ್ಯ ಜನ. ಈಗಲೂ ಕೇಳುವ ಹಕ್ಕು ಜನರಿಗಿದೆ.

ವಾರದ ಸಭೆ ಕರ್ನಾಟಕಕ್ಕೆ ಮಹಾರಾಷ್ಟ್ರದಿಂದ ಬರಬೇಕಾದ ಸಂಗತಿಯೂ ಅಲ್ಲ. ನಾಗಪುರದ ದೀಕ್ಷೆಗೆ ಸುಮಾರು ಅರ್ಧ ಶತಮಾನ ಮೊದಲೇ ಕೋಲಾರದ ಚಿನ್ನದ ಗಣಿಯಲ್ಲಿ ಬೌದ್ಧ ಸಂಘಗಳಿದ್ದವು. ತಮಿಳು ಚಿಂತಕ ಪಂಡಿತ ಅಯೋತಿದಾಸ್ 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಕೊಲಂಬೊಗೆ ಹೋಗಿ ಪಂಚಶೀಲ ಸ್ವೀಕರಿಸಿ, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಒಂದು ಪೈಸೆ ಬೆಲೆಯ ವಾರಪತ್ರಿಕೆ ಶುರುಮಾಡಿದರು, ಅದೇ ಮುಂದೆ 'ತಮಿಳನ್' ಆಯಿತು. ಸಂಘದ ಶಾಖೆಗಳು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಗಣಿಯ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿಕೊಂಡವು. ಭೂಮಿಯ ಆಳಕ್ಕಿಳಿದು ಬಂಡೆ ಕೊರೆದು ಬಂದ ಕಾರ್ಮಿಕರು ಸಂಘದಲ್ಲಿ ಸೇರಿ ಉಪನ್ಯಾಸ ಕೇಳುತ್ತಿದ್ದರು. ಜಾತಿ ಎಲ್ಲಿಂದ ಬಂತು, ಹಬ್ಬದ ಅರ್ಥವೇನು, ಮದುವೆ ಹೇಗೆ ಮಾಡಬೇಕು ಎಂದು ಓದುಗರು ಕೇಳಿದ ಪ್ರಶ್ನೆಗಳಿಗೆ ಪಂಡಿತರು ಪತ್ರಿಕೆಯಲ್ಲಿ ಉತ್ತರ ಬರೆಯುತ್ತಿದ್ದರು. ಅವರು ಬರೆದ ಬುದ್ಧನ ಚರಿತ್ರೆ 'ಆದಿವೇದಂ' ಧಾರಾವಾಹಿಯಾಗಿ ಬಂದದ್ದೂ ಅದೇ ಪತ್ರಿಕೆಯಲ್ಲಿ. 1914ರಲ್ಲಿ ಅಯೋತಿದಾಸ್ ತೀರಿಕೊಂಡರು. 1920ರ ದಶಕದಲ್ಲಿ 'ತಮಿಳನ್' ಗಣಿಯೂರಿನಿಂದಲೇ ಮತ್ತೆ ಹೊರಟಿತು, ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆ ಅವರ ಕಿರುಹೊತ್ತಗೆಗಳನ್ನು ಅಚ್ಚುಹಾಕಿತು. ಜಿ. ಅಲೋಷಿಯಸ್ 1998ರಲ್ಲಿ ಈ ಚಳವಳಿಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ದಿನವಿಡೀ ಕತ್ತಲಲ್ಲಿ ದುಡಿದವರು ಪತ್ರಿಕೆ ನಡೆಸಿದರು, ಪುಸ್ತಕ ಮುದ್ರಿಸಿದರು, ವಾದ ಮಾಡಿದರು. ಗಣಿ 2001ರಲ್ಲಿ ಮುಚ್ಚಿತು. ಆ ಜನರ ಈ ಇತಿಹಾಸ ನಮ್ಮ ಶಾಲಾ ಪಠ್ಯಕ್ಕೂ ಬರಬೇಕು, ಬೌದ್ಧ ಸಭೆಗಳ ಮಾತಿಗೂ ಬರಬೇಕು.

ವಾದ ಮಾಡಿ ಕಲಿಯುವುದನ್ನು ಕಣ್ಣಾರೆ ನೋಡಬೇಕಿದ್ದರೆ ಮುಂಡಗೋಡಕ್ಕೋ ಬೈಲಕುಪ್ಪೆಗೋ ಹೋಗಬಹುದು. ಅಲ್ಲಿನ ಡ್ರೆಪುಂಗ್, ಗಾಂಡೆನ್, ಸೆರಾ ಎಂಬ ಟಿಬೆಟನ್ ಮಠಗಳ ಅಂಗಳದಲ್ಲಿ ಒಬ್ಬ ಭಿಕ್ಷು ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ಎದುರು ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟುತ್ತಾನೆ. ಕೂತವನು ತಡವರಿಸಿದರೆ ಸುತ್ತಲಿದ್ದವರು ಕೂಗಿ ಹೇಳುತ್ತಾರೆ. ನಾಲಂದಾದ ತರ್ಕ ಪರಂಪರೆ ಟಿಬೆಟ್ ಸುತ್ತಿ ಉತ್ತರ ಕನ್ನಡ, ಮೈಸೂರು ಜಿಲ್ಲೆಗಳ ನೆಲಕ್ಕೆ ಬಂದು ನಿಂತಿದೆ. ಅದನ್ನು ನೋಡಲು ಬಸ್ಸು ತುಂಬಿ ಹೋಗುವ ಕನ್ನಡಿಗರು ಫೋಟೊ ತೆಗೆದುಕೊಂಡು ಬರುತ್ತಾರೆ. ಪ್ರಶ್ನೆ ಕೇಳುವ ಆ ಧೈರ್ಯವನ್ನೂ ತರಬಹುದು.

ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೆ. ಧ್ಯಾನ, ಪಠಣ, ಪ್ರವಚನ ಅಲ್ಲಿನ ಬದುಕಿನ ಭಾಗ. ನಗರದ ಕಂಪನಿಗಳಲ್ಲಿ ದುಡಿಯುವ ಯುವಕ ಯುವತಿಯರು ಇಂಥ ಕಡೆ ನೆಮ್ಮದಿ ಹುಡುಕಿಕೊಂಡು ಬರುತ್ತಾರೆ. ಅದೇ ನಗರದ ಕೊಳೆಗೇರಿಗಳಲ್ಲಿ ಬುದ್ಧನನ್ನು ಸ್ವಾಭಿಮಾನದ ದಾರಿಯಾಗಿ ಕಂಡವರಿದ್ದಾರೆ. ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಒಬ್ಬರಿಗೆ ದುಃಖ ಮನಸ್ಸಿನೊಳಗಿದೆ, ಇನ್ನೊಬ್ಬರಿಗೆ ಊರಿನ ಬಾವಿಕಟ್ಟೆಯಲ್ಲಿದೆ. ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು ಒಂದು ಸುತ್ತವನ್ನು, ಅಂದರೆ ಬುದ್ಧನ ಒಂದು ಉಪದೇಶವನ್ನು, ಓದಿ ಮಾತಾಡಿದರೆ ಇಬ್ಬರ ಅರಿವೂ ದೊಡ್ಡದಾಗುತ್ತದೆ. ಹಾಗೆ ಕೂರುವುದಕ್ಕೆ ಜಾತಿ ಅಡ್ಡ ಬರುತ್ತಿದೆ ಎಂದರೆ ಅದನ್ನೂ ಆ ಸಭೆಯಲ್ಲೇ ಎತ್ತಬೇಕು.

ಓದುವುದಕ್ಕೆ ಕನ್ನಡದಲ್ಲಿ ಏನಿದೆ ಎಂದು ಕೇಳುವಂತಿಲ್ಲ. ಜಿ.ಪಿ. ರಾಜರತ್ನಂ ಪಾಳಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಬಾಬಾಸಾಹೇಬರ ಗ್ರಂಥ ಕನ್ನಡದಲ್ಲಿ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವೇ ಇದೆ. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಆ ಕಲ್ಲಿನಲ್ಲಿ, ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಸಿಕ್ಕ ಎರಡು ಪ್ರತ್ಯೇಕ ಶಾಸನಗಳ ಪಾಠವಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂತು. ತಿಷ್ಯ ನಕ್ಷತ್ರದ ದಿನ ಇದನ್ನು ಓದಿಸಿ ಕೇಳಬೇಕು, ಒಬ್ಬನೇ ಇದ್ದರೂ ಕೇಳಬೇಕು ಎಂಬುದು ಕಳಿಂಗದ ಆ ಶಾಸನಗಳ ಆದೇಶ. ರಾಜಸ್ಥಾನದ ಬೈರಾಟದಲ್ಲಿ ಸಿಕ್ಕ ಇನ್ನೊಂದು ಶಾಸನದಲ್ಲಿ ಅಶೋಕ ಏಳು ಧಮ್ಮಪಾಠಗಳ ಹೆಸರು ಹೇಳಿ, ಭಿಕ್ಕು ಭಿಕ್ಕುಣಿಯರಷ್ಟೇ ಅಲ್ಲ, ಉಪಾಸಕ ಉಪಾಸಿಕೆಯರೂ ಇವನ್ನು ಮತ್ತೆ ಮತ್ತೆ ಕೇಳಿ ಯೋಚಿಸಬೇಕು ಎನ್ನುತ್ತಾನೆ. ಓದಿ ಕೇಳಿಸುವ ಸಭೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ಆಗಬೇಕಾದ ಕೆಲಸಕ್ಕೆ ದೊಡ್ಡ ಹಣ ಬೇಡ. ವಾರ, ಹೊತ್ತು ಗೊತ್ತಾಗಿರಬೇಕು, ಇಬ್ಬರೇ ಬಂದರೂ ಸಭೆ ನಡೆಯಬೇಕು. ಹೇಳಿದ ಪಾಳಿ ಸಾಲಿನ ಅರ್ಥವನ್ನು ಕನ್ನಡದಲ್ಲಿ ಬಿಡಿಸಬೇಕು. ಎರಡು ಪುಟ ಓದಬೇಕು, ಓದುವ ಸರದಿ ಹೆಂಗಸರಿಗೆ ಮೊದಲು ಬರಬೇಕು, ಏಕೆಂದರೆ ವಂದನೆಗೆ ತಪ್ಪದೆ ಬರುವವರು ಅವರು, ಸಮಿತಿಯ ಹಲಗೆಯ ಮೇಲೆ ಹೆಸರಿಲ್ಲದವರೂ ಅವರೇ. ಮಕ್ಕಳ ಪ್ರಶ್ನೆಗೆ ಗದರುವಂತಿಲ್ಲ. ಜಾತಿ ಪ್ರಮಾಣಪತ್ರ, ಗಣತಿಯ ಕಾಲಂ, ಮಗಳ ಮದುವೆಯ ಸಾಲ, ಗಂಡನ ಕುಡಿತ, ಇವೂ ಆ ಸಭೆಯ ವಿಷಯಗಳೇ. ದುಃಖದ ಕಾರಣ ಹುಡುಕುವುದು ಧಮ್ಮದ ಮೊದಲ ಕೆಲಸವಾಗಿರುವಾಗ ಅವನ್ನು ಹೊರಗಿಡಲು ಬರುವುದಿಲ್ಲ.

ಮುಂದಿನ ಆಷಾಢ ಹುಣ್ಣಿಮೆಗೆ ನಿಮ್ಮ ಓಣಿಯ ವಿಹಾರದಲ್ಲಿ 'ಬುದ್ಧ ಮತ್ತು ಆತನ ಧಮ್ಮ'ದ ಮೊದಲ ಪುಟ ತೆರೆಯಿರಿ. ಬೌದ್ಧರಲ್ಲದ ಪಕ್ಕದ ಓಣಿಯವರನ್ನೂ ಕರೆಯಿರಿ. ಜಯಂತಿಗೆ ಕೂಡಿಸಿದ ಪಟ್ಟಿಯಲ್ಲಿ ಹತ್ತು ಪ್ರತಿಗಳ ದುಡ್ಡು ತೆಗೆದಿಡಿ, ಡಿಜೆ ಒಂದು ತಾಸು ಕಡಿಮೆಯಾದರೂ ಚಿಂತೆಯಿಲ್ಲ.