ಮೂರು ವರ್ಷಕ್ಕೆ ಮೂರೇ ಪಂದ್ಯ

ಚಿಂತಾಮಣಿಯದೋ ಗೌರಿಬಿದನೂರಿನದೋ ಒಂದು ಪದವಿ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷಕ್ಕೊಂದು ಸಲ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ಬರುತ್ತದೆ. ಇಂಥ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಮೊದಲ ಸುತ್ತುಗಳೆಲ್ಲ ನಾಕೌಟ್. ಕೊನೆಗುಳಿದ ನಾಲ್ಕು ತಂಡಗಳಿಗೆ ಮಾತ್ರ ಲೀಗ್. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜೊತೆಗೆ ಬೆಂಗಳೂರಿನ ಪೂರ್ವ ಭಾಗದ ಕಾಲೇಜುಗಳೂ ಇವೆ. ಚೀಟಿ ಎತ್ತುವಾಗ ತಾಲ್ಲೂಕಿನ ತಂಡಕ್ಕೆ ಎದುರಾಳಿಯಾಗಿ ನಗರದ ಕಾಲೇಜು ಬಂತೆಂದರೆ, ಅಲ್ಲಿ ಕೋಚ್ ಇದ್ದಾರೆ, ಶಾಲೆಯ ದಿನಗಳಿಂದ ಚೆಂಡು ಹಿಡಿದ ಹುಡುಗಿಯರಿದ್ದಾರೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್‌, ಒಟ್ಟು 40 ನಿಮಿಷ. ಸೋತವರು ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸು. ಮತ್ತೆ ಆಡಬೇಕೆಂದರೆ ಮುಂದಿನ ವರ್ಷ. ಮೊದಲ ಸುತ್ತಿನಲ್ಲೇ ಸೋಲುತ್ತ ಬಂದ ತಂಡದ ಹುಡುಗಿ ಬಿ.ಎ. ಅಥವಾ ಬಿ.ಕಾಂ. ಮುಗಿಸುವ ಹೊತ್ತಿಗೆ ಆಡಿರುವುದು ಮೂರು ಪಂದ್ಯ. ಒಂದು ಕ್ಷಣವೂ ಬೆಂಚಿನಲ್ಲಿ ಕೂರದೆ ಆಡಿದ್ದಾಳೆಂದೇ ಇಟ್ಟುಕೊಂಡರೂ 120 ನಿಮಿಷ. ಒಂದು ಸಿನಿಮಾ ನೋಡುವಷ್ಟು ಹೊತ್ತು ಅವಳ ಇಡೀ ಆಟದ ಬದುಕು.

ನಮ್ಮಲ್ಲಿ ಹೆಣ್ಣುಮಕ್ಕಳ ಕ್ರೀಡೆಯ ಚರ್ಚೆ ಶುರುವಾದರೆ ಮಾತು ನೇರವಾಗಿ ಪದಕಕ್ಕೆ ಹೋಗುತ್ತದೆ, ಇಲ್ಲವೇ ಕ್ರೀಡಾ ಕೋಟಾದ ನೌಕರಿಗೆ. ಎಷ್ಟು ಪಂದ್ಯ ಆಡಿದಳು ಎಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 2024ರಲ್ಲಿ ಕಾಲೇಜು ಮುಗಿಸಿದಾಗ ಅವಳ ಹೆಸರಿನಲ್ಲಿ 3,951 ಅಂಕಗಳಿದ್ದವು; ಆ ದೇಶದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಉನ್ನತ ದರ್ಜೆಯಲ್ಲಿ ಗಂಡಸರೂ ಅಷ್ಟು ಗಳಿಸಿರಲಿಲ್ಲ. ಜಗತ್ತು ಆ ಅಂಕಗಳನ್ನು ಕೊಂಡಾಡಿತು. ನನಗೆ ಅದರ ಪಕ್ಕದ ಸಂಖ್ಯೆ ಹೆಚ್ಚು ಮುಖ್ಯವೆನಿಸುತ್ತದೆ: ನಾಲ್ಕು ವರ್ಷಕ್ಕೆ 139 ಪಂದ್ಯ. ಅವಳ ಪ್ರತಿಭೆ ಅವಳದೇ, ಒಪ್ಪೋಣ. ಆದರೆ ಅವಳ ತಂಡದಲ್ಲಿ ಹೆಸರು ಮಾಡದ ಹುಡುಗಿಯರಿಗೂ, ಸೋತು ಸುಣ್ಣವಾದ ಬೇರೆ ತಂಡಗಳ ಹುಡುಗಿಯರಿಗೂ ವರ್ಷಕ್ಕೆ ಮೂವತ್ತರ ಹತ್ತಿರ ಪಂದ್ಯ ಸಿಕ್ಕೇ ಸಿಗುತ್ತವೆ. ಸೋತರೆ ಮನೆಗೆ ಕಳಿಸುವ ಪದ್ಧತಿ ಅಲ್ಲಿ ಋತುವಿನ ಕೊನೆಯ ಟೂರ್ನಿಗಳಿಗಷ್ಟೇ. ಇನ್ನೊಂದು ಮಾತು. ಕ್ಲಾರ್ಕ್ ಪದವಿ ಮುಗಿಸಿದ ವರ್ಷ ವೃತ್ತಿಪರ ಲೀಗ್ ಆಯ್ದುಕೊಂಡದ್ದು ಒಟ್ಟು 36 ಮಂದಿಯನ್ನು. ಆ ಉನ್ನತ ದರ್ಜೆಯ ಮಹಿಳಾ ತಂಡಗಳೇ 350ಕ್ಕಿಂತ ಹೆಚ್ಚು, ಆಟಗಾರ್ತಿಯರು ಸಾವಿರಾರು. ಅಂದರೆ ಅಲ್ಲಿಯೂ ಬಹುಪಾಲು ಹುಡುಗಿಯರಿಗೆ ಕಾಲೇಜೇ ಆಟದ ಕೊನೆಯ ನಿಲ್ದಾಣ. ಎರಡೂ ಕಡೆ ಆಟ ನಿಲ್ಲುವ ವಯಸ್ಸು ಒಂದೇ. ನಿಲ್ಲುವ ಮುಂಚೆ ಎಷ್ಟು ಆಡಿದರು ಎಂಬುದರಲ್ಲಿದೆ ವ್ಯತ್ಯಾಸ.

ಕರ್ನಾಟಕಕ್ಕೆ ಈ ಆಟ ಹೊಸದೇನಲ್ಲ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದದ್ದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಮಣಿಸಿದ್ದು ನಂದಿಬೆಟ್ಟದಿಂದ ಗಂಟೆ ಎರಡು ಗಂಟೆಯ ದೂರದಲ್ಲಿ. ಬೆಂಗಳೂರಿನ ಸಂಜನಾ ರಮೇಶ್ ಎನ್‌ಬಿಎ ಅಕಾಡೆಮಿಯ ತರಬೇತಿ ಪಡೆದು, ವಿದ್ಯಾರ್ಥಿವೇತನದ ಮೇಲೆ ಅರಿಜೋನಾದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳಿಂದ ರಾಜ್ಯ ತಂಡಕ್ಕೆ ಬಂದ ಹುಡುಗಿಯರೂ ಕಡಿಮೆಯಿಲ್ಲ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಈ ಏಣಿಗಳೆಲ್ಲ ಹುಡುಗಿಯನ್ನು ಶಾಲೆಯ ವಯಸ್ಸಿನಲ್ಲೇ ಎತ್ತಿಕೊಳ್ಳುತ್ತವೆ, ಎತ್ತಿಕೊಂಡು ಊರಿನಿಂದಾಚೆ ಒಯ್ಯುತ್ತವೆ. ಸಂಜನಾ ಅವರ ಹಾದಿ ಕರ್ನಾಟಕದ ಯಾವ ಕಾಲೇಜು ಅಂಕಣವನ್ನೂ ಹಾಯ್ದು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಆಯ್ಕೆ ಶಿಬಿರದ ದಿನ ಗಮನಕ್ಕೆ ಬಾರದವಳು, ಮನೆ ಬಿಟ್ಟು ಹಾಸ್ಟೆಲಿಗೆ ಹೋಗಲಾರದವಳು, ಪಿಯುಸಿಯ ನಂತರವೇ ಚೆಂಡನ್ನು ಮೊದಲು ಮುಟ್ಟಿದವಳು, ಇವರಿಗೆಲ್ಲ ಉಳಿದಿರುವುದು ತಮ್ಮ ಊರಿನ ಕಾಲೇಜು ಒಂದೇ. ಚಿಕ್ಕಬಳ್ಳಾಪುರ ಜಿಲ್ಲೆಯ ಹುಡುಗಿಯರಲ್ಲಿ ಹೆಚ್ಚಿನವರು ಈ ಗುಂಪಿನವರು.

ಆದ್ದರಿಂದ ಬೇಕಾಗಿರುವುದು ಲೀಗ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಊರಿಗೊಂದು ಮಹಿಳಾ ತಂಡ. ಪ್ರತಿ ತಂಡವೂ ಉಳಿದ ಮೂರರ ಎದುರು ತನ್ನ ಊರಿನಲ್ಲೊಮ್ಮೆ, ಅವರ ಊರಿನಲ್ಲೊಮ್ಮೆ ಆಡಲಿ. ಒಟ್ಟು 12 ಪಂದ್ಯ, ಒಂದೊಂದು ತಂಡಕ್ಕೆ ಆರು. ಶನಿವಾರಕ್ಕೆ ಎರಡು ಪಂದ್ಯದಂತೆ ಆರು ಶನಿವಾರಗಳಲ್ಲಿ ಮುಗಿಯುತ್ತದೆ. ಒಂದು ಸೆಮಿಸ್ಟರಿನೊಳಗೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಮೂರು ವರ್ಷಕ್ಕೆ 18 ಪಂದ್ಯ, ವಿಶ್ವವಿದ್ಯಾಲಯದ ಟೂರ್ನಿ ಬೇರೆ. ಮೂರರಿಂದ ಹದಿನೆಂಟಕ್ಕೆ ಏರಿದರೆ ಆಗುವ ಬದಲಾವಣೆ ಬರೀ ಸಂಖ್ಯೆಯದಲ್ಲ. ಸೋತ ಪಂದ್ಯದಲ್ಲಿ ಎಡಗೈಯ ಲೇ-ಅಪ್ ಬರಲಿಲ್ಲವೆಂದು ಗೊತ್ತಾದವಳು ಮುಂದಿನ ಶನಿವಾರಕ್ಕೆ ಅದನ್ನು ತಿದ್ದಿಕೊಳ್ಳಬಹುದು. ನಾಕೌಟ್‌ನಲ್ಲಿ ಆ ಮುಂದಿನ ಶನಿವಾರ ಬರುವುದು ಒಂದು ವರ್ಷದ ಮೇಲೆ, ಅಷ್ಟು ಹೊತ್ತಿಗೆ ಕಲಿತದ್ದು ಮರೆತಿರುತ್ತದೆ. ಇನ್ನು ಊರುಗಳ ನಡುವಿನ ದೂರ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಅಲ್ಲಿಂದ ಚಿಂತಾಮಣಿ ಒಂದೇ ಸಾಲಿನಲ್ಲಿವೆ. ಈ ಮೂರನ್ನೂ ಹೊಲಿದು ಕೋಲಾರಕ್ಕೆ ಹೋಗುವ ರೈಲುಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಯಿತು. ಗೌರಿಬಿದನೂರು ಬೇರೆ ದಿಕ್ಕಿಗಿದೆ ನಿಜ, ಅಲ್ಲಿಂದ ಚಿಂತಾಮಣಿಗೆ ಹೋಗುವ ದಿನ ಬೆಳಿಗ್ಗೆ ಬೇಗ ಹೊರಡಬೇಕು. ಉಳಿದ ಯಾವ ಪಯಣವೂ ಮಧ್ಯಾಹ್ನ ಆಡಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಲಾಗದಷ್ಟು ದೂರದ್ದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ಟಿಗೂ ಹುಡುಗಿಯರು ದುಡ್ಡು ಕೊಡಬೇಕಿಲ್ಲ. ಇಂಥ ಲೀಗ್‌ಗೆ ಹಿಂದೆ ದೊಡ್ಡ ಅಡ್ಡಿಯಾಗಬಹುದಾಗಿದ್ದ ಪ್ರಯಾಣದ ಖರ್ಚು ಹೀಗೆ ಬಹುಮಟ್ಟಿಗೆ ಇಲ್ಲವಾಗಿದೆ.

ಮೊದಲ ಆಕ್ಷೇಪ ಮನೆಯದು. ವಯಸ್ಸಿಗೆ ಬಂದ ಹುಡುಗಿ ಚಡ್ಡಿ ತೊಟ್ಟು ನಾಲ್ಕು ಜನರೆದುರು ಓಡುವುದೇ, ಬಿಸಿಲಿಗೆ ಕಪ್ಪಾದರೆ, ಬಿದ್ದು ಕಾಲು ಮುರಿದರೆ, ಗಂಡು ನೋಡುವ ಕಾಲಕ್ಕೆ ಏನು ಹೇಳುವುದು. ಈ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರುವುದಿಲ್ಲ. ಮಗಳ ಬಗ್ಗೆ ಊರು ಏನನ್ನುತ್ತದೆ ಎಂಬುದರ ಬೆಲೆಯನ್ನು ತೆರುವವರು ಆ ತಂದೆತಾಯಿಯೇ. ಆದರೆ ಈ ಆತಂಕ ನಮ್ಮ ಸಂಸ್ಕೃತಿಗಷ್ಟೇ ಸೇರಿದ್ದು, ಆದ್ದರಿಂದ ಈ ಆಟ ನಮಗೆ ಹೊಂದದು ಎನ್ನುವುದು ಇತಿಹಾಸ ತಿಳಿಯದ ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ. ಒಂದೂಕಾಲು ವರ್ಷದ ಹೊತ್ತಿಗೆ, 1893ರ ಮಾರ್ಚ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ದೈಹಿಕ ಶಿಕ್ಷಕಿ ತನ್ನ ವಿದ್ಯಾರ್ಥಿನಿಯರ ನಡುವೆ ಪಂದ್ಯ ಆಡಿಸಿದರು. ಅಂದು ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಹೆಣ್ಣಿನ ದೇಹ ಅಷ್ಟು ಓಟ ತಾಳದು, ನರ ದುರ್ಬಲವಾಗುತ್ತದೆ ಎಂದು ಆ ಕಾಲದ ವೈದ್ಯರೇ ಹೇಳುತ್ತಿದ್ದರು. ಬೆರೆನ್ಸನ್ ಆ ವೈದ್ಯರೊಡನೆ ಜಗಳಕ್ಕೆ ನಿಲ್ಲಲಿಲ್ಲ. ಅಂಕಣವನ್ನು ಮೂರು ಭಾಗ ಮಾಡಿ ಆಟಗಾರ್ತಿಯರು ತಂತಮ್ಮ ಭಾಗ ದಾಟಬಾರದೆಂದರು, ಕೈಯಿಂದ ಚೆಂಡು ಕಿತ್ತುಕೊಳ್ಳುವುದನ್ನು ನಿಷೇಧಿಸಿದರು. 1896ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಹುಡುಗಿಯರು ಎದುರುಬದುರಾದಾಗಲೂ ನೋಡಲು ಬಂದವರು ಹೆಂಗಸರು ಮಾತ್ರ. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಅಂದರೆ ಗಂಡಸರು ಬೆಳೆಸಿದ ಆಟವನ್ನು ಹೆಂಗಸರು ಎಷ್ಟೋ ಕಾಲದ ಮೇಲೆ ಎರವಲು ಪಡೆದದ್ದಲ್ಲ. ಹುಟ್ಟಿದ ಹೊಸತಿನಲ್ಲೇ ಇದು ಮಹಿಳಾ ಕಾಲೇಜಿನ ಆಟ, ಅದೂ ಇಂದು ನಮ್ಮಲ್ಲಿ ಕೇಳುವಂಥ ಮಾತುಗಳ ನಡುವೆಯೇ ಬೆಳೆದ ಆಟ. ಬೆರೆನ್ಸನ್ ಮಾಡಿದ ತಿದ್ದುಪಡಿಗಳು ಒಂದೊಂದಾಗಿ ಬಿದ್ದುಹೋದವು, ಆಟ ಉಳಿಯಿತು. ನಮ್ಮಲ್ಲೂ ಪಂದ್ಯಗಳನ್ನು ಕಾಲೇಜಿನ ಆವರಣದೊಳಗೇ ಇಡಬಹುದು, ಚಡ್ಡಿಯ ಬದಲು ಟ್ರ್ಯಾಕ್ ಪ್ಯಾಂಟಿಗೆ ಅವಕಾಶ ಕೊಡಬಹುದು, ತಂಡದ ಜೊತೆ ಒಬ್ಬ ಅಧ್ಯಾಪಕಿ ಹೋಗಿಬರಬಹುದು, ಎದುರು ಕುರ್ಚಿ ಹಾಕಿ ಅಪ್ಪ ಅಮ್ಮಂದಿರನ್ನೇ ಕರೆಯಬಹುದು. ಮಗಳು ಆಡುವುದನ್ನು ಒಮ್ಮೆಯೂ ನೋಡದ ತಂದೆಗೆ ಅದರ ಬಗ್ಗೆ ಭಯ ಮಾತ್ರ ಇರಲು ಸಾಧ್ಯ. ತವರಂಗಳದ ಪಂದ್ಯಗಳಿರುವ ಲೀಗ್ ಆದರೆ ವರ್ಷಕ್ಕೆ ಮೂರು ಸಲ ಅವನು ನೋಡಬಹುದು. ನಾಕೌಟ್ ನಡೆಯುವುದು ಎಲ್ಲೋ ದೂರದ ಊರಿನಲ್ಲಿ, ಅವನಿಗೆ ಕೂಲಿಯೋ ಗೆಯ್ಮೆಯೋ ಇರುವ ದಿನ.

ಕಬಡ್ಡಿ, ಕೊಕ್ಕೊ, ಥ್ರೋಬಾಲ್ ಇರುವಾಗ ಸಿಮೆಂಟಿನ ಅಂಕಣ ಬೇಡುವ ಪೇಟೆಯ ಆಟವೇಕೆ ಎಂದೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲನೆಯದಾಗಿ, ಲೀಗ್‌ನ ವಾದ ಆ ಆಟಗಳಿಗೂ ಅಷ್ಟೇ ಸಲ್ಲುತ್ತದೆ. ಕಬಡ್ಡಿ ಆಡುವ ಹುಡುಗಿಯೂ ನಾಕೌಟ್‌ನಲ್ಲಿ ಒಂದೇ ಪಂದ್ಯಕ್ಕೆ ಮನೆ ಸೇರುತ್ತಾಳೆ. ಎರಡನೆಯದಾಗಿ, ಅಂಕಣಕ್ಕೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ ಮತ್ತು ಎರಡು ಕಂಬ. ಮಳೆ ನಿಂತ ಅರ್ಧ ಗಂಟೆಗೆ ಒರೆಸಿ ಆಡಬಹುದು, ಹುಲ್ಲು ಕಳೆ ತೆಗೆಸುವ ಗೋಜಿಲ್ಲ. ಅಷ್ಟೂ ಜಾಗವಿಲ್ಲದಲ್ಲಿ, ಅಥವಾ ಹನ್ನೆರಡು ಹುಡುಗಿಯರು ಸೇರದಲ್ಲಿ, ಒಂದೇ ರಿಂಗ್‌ನ ಮೂವರ ಆಟವಿದೆ: ಮೂವರು ಆಟಗಾರ್ತಿಯರು, ಒಬ್ಬ ಬದಲಿ, ಹತ್ತು ನಿಮಿಷ ಅಥವಾ 21 ಅಂಕ. ಟೋಕಿಯೊ ಒಲಿಂಪಿಕ್ಸ್‌ನಲ್ಲೇ ಈ ಬಗೆ ಸೇರ್ಪಡೆಯಾಯಿತು, ಆದ್ದರಿಂದ ಇದನ್ನು ಬಡವರ ಬ್ಯಾಸ್ಕೆಟ್‌ಬಾಲ್ ಎಂದು ಯಾರೂ ಹಳಿಯಲಾಗದು. ಚೆಂಡು ಮಾತ್ರ ಮಹಿಳೆಯರ ಆರನೇ ಸೈಜಿನದೇ ಇರಬೇಕು. ಹುಡುಗರ ಏಳನೇ ಸೈಜಿನ ಚೆಂಡನ್ನೇ ಕೊಟ್ಟು ಹುಡುಗಿಯರ ಕೈಗೆ ಹಿಡಿತವಿಲ್ಲ ಎನ್ನುವುದು ಅನ್ಯಾಯ.

ಗಟ್ಟಿಯಾದ ಆಕ್ಷೇಪವೆಂದರೆ ನೌಕರಿಯದು. ರೇಷ್ಮೆ ಗೂಡಿನ ಬೆಲೆ ಬಿದ್ದ ವಾರ ಶಿಡ್ಲಘಟ್ಟದ ಮನೆಯಲ್ಲಿ, ಟೊಮೆಟೊ ಬೆಲೆ ಕುಸಿದ ವಾರ ಚಿಂತಾಮಣಿಯ ಮನೆಯಲ್ಲಿ, ಆಟದಿಂದ ಏನು ಬಂತು ಎಂಬ ಪ್ರಶ್ನೆ ಏಳದಿರುವುದಿಲ್ಲ. ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಕ್ರೀಡಾಪಟುಗಳಿಗೆಂದು ಹುದ್ದೆಗಳಿವೆ. ಭಾರತೀಯ ರೈಲ್ವೆಯ ಮಹಿಳಾ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ವರ್ಷಾನುಗಟ್ಟಲೆ ಮೆರೆದದ್ದೇ ಈ ಬಲದಿಂದ. ಆದರೆ ಆ ಬಾಗಿಲು ತೆರೆಯಬೇಕಾದರೆ ರಾಜ್ಯವನ್ನೋ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿರಬೇಕು. ಆಯ್ಕೆಗಾರರು ತಾಲ್ಲೂಕಿನ ಹುಡುಗಿಯನ್ನು ನೋಡುವುದು ಆ ಸೋತ 40 ನಿಮಿಷದಲ್ಲಿ. ಅಂದು ಅವಳಿಗೆ ಜ್ವರವಿದ್ದರೆ ಮುಗಿಯಿತು. ಹದಿನೆಂಟು ಪಂದ್ಯ ಆಡಿದವಳ ಮಟ್ಟ ಒಂದು ದಿನದ ಅದೃಷ್ಟಕ್ಕೆ ಕಟ್ಟುಬಿದ್ದಿರುವುದಿಲ್ಲ. ನೌಕರಿಯ ಮಾತನ್ನೇ ಹಿಡಿದರೂ ಲೀಗ್ ಬೇಕು. ಹಾಗೆಂದು ಈ ವಾದವನ್ನು ನೌಕರಿಯ ಮೇಲೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಹನ್ನೆರಡು ಮಂದಿಯ ತಂಡದಲ್ಲಿ ಒಬ್ಬಳಿಗೆ ಕೋಟಾದ ಕೆಲಸ ಸಿಕ್ಕಿತೆನ್ನಿ, ಉಳಿದ ಹನ್ನೊಂದು ಮಂದಿಗೆ ಮೋಸ ಮಾಡಿದಂತಾಯಿತೇ? ಆ ಹನ್ನೊಂದು ಮಂದಿಯ ವಯಸ್ಸು ಹದಿನೆಂಟರಿಂದ ಇಪ್ಪತ್ತೊಂದು. ಓಡಲು, ಏದುಸಿರು ಬಿಡಲು, ಜೊತೆಯವಳ ಮೇಲೆ ಕೂಗಾಡಿ ಮತ್ತೆ ಅವಳಿಗೇ ಪಾಸ್ ಕೊಡಲು, ಸೋತು ನಗುತ್ತ ಬಸ್ಸು ಹತ್ತಲು ಅವರಿಗೆ ಹೆಚ್ಚಿನಂಶ ಇದೇ ಕೊನೆಯ ಮೂರು ವರ್ಷ. ಆಮೇಲಿನ ಸಂಸಾರದಲ್ಲಿ ಯಾರೂ ಅವರಿಗೆ ಸಂಜೆಯ ಎರಡು ಗಂಟೆ ಬಿಟ್ಟುಕೊಡುವುದಿಲ್ಲ.

ದುಡ್ಡೆಲ್ಲಿ ಎನ್ನುವವರು ಪ್ರವೇಶ ಶುಲ್ಕದ ರಸೀದಿಯನ್ನು ತೆಗೆದು ನೋಡಲಿ. ಅದರಲ್ಲಿ ಕ್ರೀಡಾ ಶುಲ್ಕದ ಒಂದು ಸಾಲಿರುತ್ತದೆ. ಹುಡುಗಿ ಕಟ್ಟುವುದು ಹುಡುಗ ಕಟ್ಟುವಷ್ಟೇ. ಅದರಲ್ಲಿ ಆಯಾ ವರ್ಷ ಅವಳ ಆಟಕ್ಕೆ ಎಷ್ಟು ಖರ್ಚಾಯಿತು ಎಂದು ಪ್ರತಿ ಕಾಲೇಜೂ ಸೂಚನಾ ಫಲಕದಲ್ಲಿ ಬರೆದು ಹಾಕಲಿ, ಸಾಕು. ಲೀಗ್‌ಗೆ ಬೇಕಾದದ್ದು ಇಬ್ಬರು ರೆಫರಿಗಳ ಭತ್ಯೆ, ಊಟ, ಬಾಳೆಹಣ್ಣು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಕಷ್ಟದ ಅಂಶ ಬೇರೆಯೇ ಇದೆ: ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿಯಿರುವ ಕಾಲೇಜಿನಲ್ಲಿ ತಂಡ ಕಟ್ಟುವವರು ಯಾರು? ಇದಕ್ಕೆ ಅರ್ಜಿ, ಹೋರಾಟ ಎರಡೂ ಬೇಕು. ಸುಲಭವಾಗಿ ಆಗುತ್ತದೆಂದು ನಾನು ಹೇಳಲಾರೆ. ಆದರೆ ನೇಮಕಾತಿಯ ತನಕ ನಾಲ್ಕು ಊರಿಗೂ ಸೇರಿ ಜಿಲ್ಲಾ ಕ್ರೀಡಾ ಇಲಾಖೆಯಿಂದ ಒಬ್ಬ ಕೋಚ್, ಸಾಧ್ಯವಾದರೆ ಮಹಿಳಾ ಕೋಚ್, ವಾರಕ್ಕೊಂದು ದಿನ ಒಂದೊಂದು ಊರಿಗೆ ಬರುವಂತೆ ಮಾಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮುದ್ದೇನಹಳ್ಳಿಯಲ್ಲಿ ಸಚಿನ್ ತೆಂಡೂಲ್ಕರ್ ಬಂದು ಆಡಿಹೋದ ಕ್ರಿಕೆಟ್ ಮೈದಾನವೊಂದು ಎದ್ದ ಜಿಲ್ಲೆ ಇದು. ನಾಲ್ಕು ಸಿಮೆಂಟ್ ಅಂಕಣಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಮೀರಿದ ಭಾರವೆಂದು ನಂಬಲು ನಾನು ಸಿದ್ಧನಿಲ್ಲ.

ಕೊನೆಯದಾಗಿ ಒಂದು ಪುಸ್ತಕದ ಮಾತು. ಕ್ಲಾರ್ಕ್‌ಳ 3,951 ಅಂಕ ಜಗತ್ತಿಗೆ ಗೊತ್ತಾದದ್ದು ಅವಳು ಗಳಿಸಿದಳೆಂದಷ್ಟೇ ಅಲ್ಲ, ಪ್ರತಿ ಪಂದ್ಯದಲ್ಲೂ ಮೇಜಿನ ಹಿಂದೆ ಕುಳಿತ ಯಾರೋ ಅದನ್ನು ಬರೆದಿಟ್ಟರೆಂದು. ನಮ್ಮ ತಾಲ್ಲೂಕು ತಂಡದ ಹುಡುಗಿ ಮೂರು ವರ್ಷದಲ್ಲಿ ಎಷ್ಟು ಬುಟ್ಟಿ ಹಾಕಿದಳು, ಎಷ್ಟು ರೀಬೌಂಡ್ ಹಿಡಿದಳು ಎಂದು ಹೇಳುವ ಕಾಗದ ಅವಳ ಕಾಲೇಜಿನ ಬೀರುವಿನಲ್ಲಿ ಇರಬೇಕು. ಲೀಗ್‌ನ ಮೊದಲ ಶನಿವಾರದಿಂದಲೇ ಪ್ರತಿ ಕಾಲೇಜೂ ದಪ್ಪ ರಟ್ಟಿನ ಒಂದು ಸ್ಕೋರ್ ಪುಸ್ತಕ ಇಡಲಿ. ಬರೆಯುವ ಕೆಲಸವನ್ನು ಗಣಿತ ಓದುವ, ಆಟ ಆಡದ ಒಬ್ಬ ಹುಡುಗಿಗೆ ಕೊಡಲಿ. ಪದವಿ ಮುಗಿದ ದಿನ ಅಂಕಪಟ್ಟಿಯ ಜೊತೆ ಆ ಪುಸ್ತಕದ ಪುಟಗಳ ಒಂದು ನಕಲು ಆಟಗಾರ್ತಿಯ ಕೈಗೆ ಸಿಗಲಿ: ಹೆಸರು, ಜೆರ್ಸಿ ಸಂಖ್ಯೆ, ಆಡಿದ ಪಂದ್ಯ 18.